ಗುಂಡು ಹಾರಿಸಿದವನ ಟೋಪಿ

ಹೋದ ವರ್ಷ ಗೌರಿಬಿದನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯ ವರಾಂಡದಲ್ಲಿ 26 ಚಾರ್ಟುಗಳನ್ನು ದಾರಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದ್ದರು. 9ನೇ ತರಗತಿಯ ಮಕ್ಕಳು ‘ಸಂಘರ್ಷ’ ಎಂಬ ವಿಷಯದ ಮೇಲೆ ಬಿಡಿಸಿದ ಚಿತ್ರಗಳು. ನಾನು ಪಠ್ಯಪುಸ್ತಕಗಳ ಚಿತ್ರಗಳ ಮೇಲೆ ಪಿಎಚ್.ಡಿ. ಮಾಡುತ್ತಿರುವುದು ಗೊತ್ತಿದ್ದ ಅಲ್ಲಿನ ಚಿತ್ರಕಲಾ ಮೇಷ್ಟ್ರು, ‘ಒಂದ್ಸಲ ಬಂದು ನೋಡಿ. ಇದನ್ನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ಶಾಲೆಗಳಲ್ಲೂ ಮಾಡ್ಬೇಕು ಅಂತಿದೀವಿ. ಹೇಗೆ ಬೆಳೆಸ್ಬಹುದು ಹೇಳಿ’ ಎಂದು ಕರೆದಿದ್ದರು. ಹೋದೆ.

ಚಿತ್ರಗಳು ಚೆನ್ನಾಗಿದ್ದವು. ಅದೇ ತೊಂದರೆ ಅನ್ನಿಸಿತು. ಬಿರುಕು ಬಿಟ್ಟ ಭೂಗೋಳ, ಅದನ್ನು ಎತ್ತಿ ಹಿಡಿದ ಎರಡು ಕೈ, ಬಾಯಲ್ಲಿ ಎಲೆ ಕಚ್ಚಿಕೊಂಡ ಪಾರಿವಾಳ, ಎದುರುಬದುರು ನಿಂತ ಎರಡು ಮುಷ್ಟಿ, ಮುಳ್ಳುತಂತಿಯ ಆಚೀಚೆ ಸೈನಿಕರು. ಈ ಚಿತ್ರಗಳನ್ನು ಬೀದರಿನಲ್ಲಿ ತೂಗುಹಾಕಿದರೂ ನಡೆಯುತ್ತದೆ, ಮಡಿಕೇರಿಯಲ್ಲಿ ತೂಗುಹಾಕಿದರೂ ನಡೆಯುತ್ತದೆ. ಇದು ಮಕ್ಕಳ ತಪ್ಪಲ್ಲ. ಪ್ರತಿಭಾ ಕಾರಂಜಿಯಂಥ ಸ್ಪರ್ಧೆಗಳಲ್ಲಿ ತೀರ್ಪುಗಾರರು ಒಂದು ಚಿತ್ರದ ಮುಂದೆ ನಿಲ್ಲುವುದು ಕೆಲವೇ ಕ್ಷಣ. ಅಷ್ಟರೊಳಗೆ ಅರ್ಥವಾಗುವ ಚಿತ್ರವೇ ಗೆಲ್ಲುತ್ತದೆ. ನೋಡಿದ ಕೂಡಲೇ ಅರ್ಥವಾಗಬೇಕಾದರೆ ಅದು ಮೊದಲೇ ಎಲ್ಲೋ ನೋಡಿದ ಚಿತ್ರವಾಗಿರಬೇಕು. ಹೀಗೆ ವರ್ಷವರ್ಷವೂ ಅದೇ ಪಾರಿವಾಳ ಮರಿ ಹಾಕುತ್ತಾ ಬಂದಿದೆ.

ಆದರೆ 26ರಲ್ಲಿ ಎಂಟು ಚಿತ್ರಗಳು ಬೇರೆ ಥರ ಇದ್ದವು. ಅವು ವಿದುರಾಶ್ವತ್ಥದ ಚಿತ್ರಗಳು. ಇರಲೇಬೇಕಲ್ಲ, ಊರು ಪಕ್ಕದಲ್ಲೇ ಇದೆ. ಮಕ್ಕಳು ಜಾತ್ರೆಗೆ ಹೋಗಿದ್ದಾರೆ, ವೀರಸೌಧಕ್ಕೆ ಶಾಲೆಯಿಂದ ಸಾಲುಗಟ್ಟಿ ಹೋಗಿಬಂದಿದ್ದಾರೆ, ನಾಗರಕಲ್ಲುಗಳ ನಡುವೆ ಕಣ್ಣಾಮುಚ್ಚಾಲೆ ಆಡಿದ್ದಾರೆ. ಒಬ್ಬ ಹುಡುಗಿ ನಾಗರಕಲ್ಲುಗಳನ್ನು ಎಷ್ಟು ಶ್ರದ್ಧೆಯಿಂದ ಬಿಡಿಸಿದ್ದಳೆಂದರೆ ಒಂದೊಂದರ ಹೆಡೆಯೂ ಒಂದೊಂದು ಥರ. ಆ ಕಲ್ಲುಗಳ ಮುಂದೆ ಜನ ಬಿದ್ದಿದ್ದಾರೆ, ಒಬ್ಬನ ಕೈಯಲ್ಲಿ ಧ್ವಜವಿದೆ. ಧ್ವಜದ ನಡುವೆ ಅಶೋಕ ಚಕ್ರ. ಬಲಗಡೆ ಬಂದೂಕು ಹಿಡಿದ ನಾಲ್ವರು, ಬಿಳಿ ಮುಖ, ಅಗಲವಾದ ಟೋಪಿ. ಎಂಟೂ ಚಿತ್ರಗಳಲ್ಲಿ ಅದೇ ಬಿಳಿ ಮುಖ, ಅದೇ ಟೋಪಿ.

ಅಲ್ಲಿ ನಿಂತೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ್ದು ಬ್ರಿಟಿಷ್ ಸೇನೆಯಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ಅವತ್ತು ಮೈಸೂರನ್ನು ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ಅದೇ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಅದರ ಅಲೆ ಉತ್ತರ ಪಿನಾಕಿನಿಯ ದಡಕ್ಕೂ ಬಂದಿತ್ತು. ಜಾತ್ರೆಗೆ ಸೇರಿದ್ದ ಜನ, ನಿಷೇಧಾಜ್ಞೆ, ಧ್ವಜ, ಆಮೇಲೆ ಗುಂಡು. ಸತ್ತವರು 32 ಮಂದಿ ಎನ್ನುವುದು ಇಲ್ಲಿನ ಜನ ಹೇಳಿಕೊಂಡು ಬಂದ ಲೆಕ್ಕ. ಅಂದಿನ ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ಬಹಳ ಕಡಿಮೆ. ಇನ್ನು ಧ್ವಜದ ಮಾತು. 1938ರಲ್ಲಿ ಕಾಂಗ್ರೆಸ್ಸಿನವರ ಕೈಯಲ್ಲಿದ್ದ ಧ್ವಜದ ನಡುವೆ ಇದ್ದದ್ದು ಚರಕ. ಚಕ್ರ ಬಂದದ್ದು 1947ರ ಜುಲೈನಲ್ಲಿ.

ಇದನ್ನು ನಾನು ತಪ್ಪು ಹಿಡಿಯಲು ಹೇಳುತ್ತಿಲ್ಲ. ಚರಕದ ಜಾಗದಲ್ಲಿ ಚಕ್ರ ಬಂದರೆ ಆಕಾಶವೇನೂ ಬೀಳುವುದಿಲ್ಲ. ಟೋಪಿಯ ವಿಷಯ ಹಾಗಲ್ಲ. ಆ ಟೋಪಿ ಎಲ್ಲಿಂದ ಬಂತು? ನನಗೆ ಹೊಳೆದ ಉತ್ತರ ಇದು: ಅದು ಬಂದದ್ದು ಒಂದು ರೂಪಕದಿಂದ. ವಿದುರಾಶ್ವತ್ಥವನ್ನು ನಾವು ‘ದಕ್ಷಿಣ ಭಾರತದ ಜಲಿಯನ್‌ವಾಲಾಬಾಗ್’ ಎಂದು ಕರೆಯುತ್ತೇವೆ. ಫಲಕಗಳಲ್ಲಿ, ಭಾಷಣಗಳಲ್ಲಿ, ಏಪ್ರಿಲ್ ಬಂದಾಗ ಪತ್ರಿಕೆಗಳಲ್ಲಿ ಹೀಗೇ ಹೇಳುತ್ತೇವೆ. ಯಾರಿಗೂ ಗೊತ್ತಿಲ್ಲದ ನಮ್ಮೂರಿಗೆ ಎಲ್ಲರಿಗೂ ಗೊತ್ತಿರುವ ಒಂದು ಊರಿನ ಹೆಸರು ಸಾಲ ತಂದಿದ್ದೇವೆ. ಸಾಲ ತಂದ ಹೆಸರಿನ ಜೊತೆ ಡಯರ್ ಕೂಡ ಬಂದ. ಅವನು ಮಕ್ಕಳ ಕ್ರೇಯಾನ್ ಡಬ್ಬಿಯೊಳಗೆ ಸೇರಿಕೊಂಡು, ನಮ್ಮದೇ ಸಂಸ್ಥಾನದ ಪೊಲೀಸಿನವನನ್ನು ಅಲ್ಲಿಂದ ಸದ್ದಿಲ್ಲದೆ ಹೊರಗೆ ಕಳಿಸಿದ.

ಹೊರಗೆ ಹೋದವನ ಜೊತೆ ಸಂಘರ್ಷವೂ ಹೋಯಿತು ಎನ್ನುವುದು ನನ್ನ ತಕರಾರು. ಬಿಳಿಯ ಗುಂಡು ಹಾರಿಸಿದರೆ ಅಲ್ಲಿ ಯೋಚಿಸುವುದಕ್ಕೇನಿದೆ? ಅವನು ಬಂದ, ಕೊಂದ, 1947ರಲ್ಲಿ ಹೋದ. ಗುಂಡು ಹಾರಿಸಿದವನು ಪಕ್ಕದ ಊರಿನವನಾಗಿದ್ದರೆ, ಅವನ ಮನೆಯವರೂ ಇದೇ ಜಾತ್ರೆಗೆ ಬಂದು ನಾಗಪ್ಪನಿಗೆ ಹಾಲೆರೆಯುವವರಾಗಿದ್ದರೆ ಆಗ ಕೈ ತಡೆಯುತ್ತದೆ. ಇನ್ನೂ ಒಂದು ತೊಡಕಿದೆ. ಇದೇ ಮಕ್ಕಳು ಮೈಸೂರು ಒಡೆಯರ ಆಡಳಿತದ ಪಾಠದಲ್ಲಿ ನಾಲ್ವಡಿಯವರು ಕಟ್ಟಿದ್ದನ್ನೆಲ್ಲ ಓದುತ್ತಾರೆ, ಗಾಂಧಿ ಅವರನ್ನು ರಾಜರ್ಷಿ ಎಂದದ್ದನ್ನು ಓದುತ್ತಾರೆ. ಆ ಗೌರವ ಸುಳ್ಳಲ್ಲ, ನನಗೂ ಇದೆ. ಆ ಪಾಠ ಒಂದು ಕಡೆ, ಸ್ವಾತಂತ್ರ್ಯ ಹೋರಾಟದ ಪಾಠ ಇನ್ನೊಂದು ಕಡೆ. ಎರಡನ್ನೂ ಒಂದೇ ಹಾಳೆಯ ಮೇಲೆ ತರುವುದು ಹೇಗೆ? ಚಿತ್ರಕಲಾ ತರಗತಿ ಶುರುವಾಗಬೇಕಾದದ್ದು ಅಲ್ಲಿಂದ.

ಮೇಷ್ಟ್ರ ಒಪ್ಪಿಗೆಯಿಂದ ಮಕ್ಕಳಿಗೆ ಇಷ್ಟನ್ನು ಹೇಳಿದೆ. ತರಗತಿ ಸುಮ್ಮನಾಯಿತು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, ‘ಹಂಗಾದ್ರೆ ಅವ್ರಿಗೆ ಯಾವ ಕಲರ್ ಹಾಕೋದು ಸಾರ್?’ ಎಂದು ಮೇಷ್ಟ್ರನ್ನು ಕೇಳಿದ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕಳೆದ ಮೂರು ವರ್ಷಗಳಲ್ಲಿ ನಾನು ಹೋದ ಯಾವ ಸೆಮಿನಾರಿನಲ್ಲೂ ಇಷ್ಟು ನೇರವಾದ ಪ್ರಶ್ನೆ ಕೇಳಿಲ್ಲ.

ಅವತ್ತು ಮಧ್ಯಾಹ್ನ ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ತೋರಿಸಿದೆ. ಒಂದು, ಸ್ಪೇನಿನ ಗೋಯಾ 1814ರಲ್ಲಿ ಬರೆದ ‘ಮೇ 3, 1808’. ನೆಪೋಲಿಯನ್ನನ ಸೈನಿಕರು ಮ್ಯಾಡ್ರಿಡ್ಡಿನ ಜನರನ್ನು ಸಾಲಾಗಿ ನಿಲ್ಲಿಸಿ ಕೊಲ್ಲುತ್ತಿರುವ ರಾತ್ರಿ. ಸಾಯಲಿರುವವನ ಬಿಳಿ ಅಂಗಿಯ ಮೇಲೆ ಲಾಟೀನಿನ ಬೆಳಕೆಲ್ಲ ಬಿದ್ದಿದೆ. ಸೈನಿಕರ ಬೆನ್ನು ಮಾತ್ರ ಕಾಣುತ್ತದೆ, ಒಬ್ಬನ ಮುಖವೂ ಇಲ್ಲ. ‘ಮುಖ ಯಾಕಿಲ್ಲ?’ ಎಂದು ಕೇಳಿದ್ದಕ್ಕೆ ಬಂದ ಉತ್ತರಗಳಲ್ಲಿ ಒಂದು ನನ್ನ ನೋಟ್‌ಬುಕ್ಕಿನಲ್ಲಿದೆ: ‘ನಾಚ್ಕೆ ಆಗಿರುತ್ತೆ.’ ಕಲಾ ಇತಿಹಾಸಕಾರರು ಒಪ್ಪುತ್ತಾರೋ ಇಲ್ಲವೋ, ನಾನು ಒಪ್ಪಿದೆ. ಎರಡನೆಯದು ಪಿಕಾಸೊನ ‘ಗೆರ್ನಿಕಾ’. ಆ ಪಟ್ಟಣದ ಮೇಲೆ ಬಾಂಬು ಬಿದ್ದದ್ದು 1937ರ ಏಪ್ರಿಲ್ 26, ನಮ್ಮ ವಿದುರಾಶ್ವತ್ಥಕ್ಕಿಂತ ಒಂದು ವರ್ಷಕ್ಕೆ ಒಂದೇ ದಿನ ಕಡಿಮೆ. ಅದು ಸಂತೆಯ ದಿನ, ಇದು ಜಾತ್ರೆಯ ದಿನ. ಆ ದೊಡ್ಡ ಚಿತ್ರದಲ್ಲಿ ವಿಮಾನವೂ ಇಲ್ಲ, ಬಾಂಬೂ ಇಲ್ಲ, ಶತ್ರುವೂ ಇಲ್ಲ. ಕುದುರೆ, ಗೂಳಿ, ಮಗುವನ್ನು ಎತ್ತಿಕೊಂಡ ತಾಯಿ, ಒಂದು ಬಲ್ಬು. ಶತ್ರುವನ್ನು ಬರೆಯದೆಯೂ ಸಂಘರ್ಷವನ್ನು ಬರೆಯಬಹುದು ಎಂದು ಮಕ್ಕಳಿಗೆ ಗೊತ್ತಾದದ್ದು ಅಲ್ಲಿ. ಅದಕ್ಕಿಂತ ಮುಖ್ಯವಾಗಿ, ನೋಡುವವನು ಯಾವ ಜಾಗದಲ್ಲಿ ನಿಂತು ನೋಡುತ್ತಿದ್ದಾನೆ ಎನ್ನುವುದು ಚಿತ್ರದ ಅರ್ಧ ಮಾತನ್ನು ಹೇಳಿಬಿಡುತ್ತದೆ ಎಂದು ಗೊತ್ತಾಯಿತು. ಆ ಎಂಟು ಚಿತ್ರಗಳಲ್ಲಿ ನಾವು ನಿಂತದ್ದು ಎಲ್ಲಿ? ಪಕ್ಕದಲ್ಲಿ, ನಾಟಕ ನೋಡುವ ಜಾಗದಲ್ಲಿ. ಎಡಕ್ಕೆ ಸಾಯುವವರು, ಬಲಕ್ಕೆ ಕೊಲ್ಲುವವರು, ನಮಗೆ ಏನೂ ತಗಲುವುದಿಲ್ಲ.

ವಿದುರಾಶ್ವತ್ಥದ ಜಗಳ ಶುರುವಾದದ್ದೇ ಒಂದು ಚಿತ್ರಕ್ಕಾಗಿ ಎನ್ನುವುದನ್ನು ಯಾರಾದರೂ ಚಿತ್ರಕಲಾ ತರಗತಿಯಲ್ಲಿ ಹೇಳಿದ್ದಾರೆಯೇ? ಧ್ವಜ ಎಂದರೆ ಬಟ್ಟೆಯ ಮೇಲಿನ ಚಿತ್ರವೇ ತಾನೆ. ಆ ಬಟ್ಟೆಯನ್ನು ಯಾರು, ಎಲ್ಲಿ ಏರಿಸಬಹುದು ಎನ್ನುವ ಪ್ರಶ್ನೆಗೆ ಜನ ಸತ್ತರು. ಆಮೇಲೆ ಗಾಂಧಿ ಕಳಿಸಿದ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಬಂದರು, ದಿವಾನರ ಜೊತೆ ಮಾತಾಡಿದರು. ಪಟೇಲ್–ಮಿರ್ಜಾ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂದಾಯಿತು. ಎರಡು ಧ್ವಜ ಅಕ್ಕಪಕ್ಕ. ಯಾವುದು ಎತ್ತರ? ಯಾವುದು ಬಲಕ್ಕೆ? ನಡುವೆ ಎಷ್ಟು ಜಾಗ? ಇದಕ್ಕಿಂತ ಒಳ್ಳೆಯ ಡ್ರಾಯಿಂಗ್ ಪಾಠ ನನಗೆ ಗೊತ್ತಿಲ್ಲ. ಬೆಲೆಯೂ ಕಡಿಮೆ, ಪೆನ್ಸಿಲ್ ಸಾಕು. ಆ ದಿನ ಮಕ್ಕಳು ಬಿಡಿಸಿದ ಎರಡು ಧ್ವಜಗಳಲ್ಲಿ ಕೆಲವರದು ಒಂದಕ್ಕೊಂದು ಬೆನ್ನು ಹಾಕಿ ಹಾರುತ್ತಿದ್ದವು. ಗಾಳಿ ಹಾಗೆ ಬೀಸುವುದಿಲ್ಲ ಎಂದು ಮೇಷ್ಟ್ರು ತಿದ್ದಲು ಹೋದರು, ನಾನು ಬೇಡ ಎಂದೆ.

ಶಿಡ್ಲಘಟ್ಟಕ್ಕೆ ಹೋಗುವ ಹೊತ್ತಿಗೆ ನಾವು ಶೀರ್ಷಿಕೆಯನ್ನೇ ಬದಲಾಯಿಸಿದ್ದೆವು. ‘ಸಂಘರ್ಷ’ ಮಕ್ಕಳ ಪದವಲ್ಲ. ಅದು ಸುತ್ತೋಲೆಯ ಪದ, ನನ್ನಂಥ ಸಂಶೋಧಕರ ಪದ. ಈ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಶಿಡ್ಲಘಟ್ಟದ ಪೇಟೆಯಲ್ಲಿ ಅದರ ಜೊತೆಗೆ ಉರ್ದುವೂ ಇದೆ. ಅವರ ಬಾಯಲ್ಲಿರುವುದು ಗಲಾಟೆ, ಜಗಳ, ಕಿತ್ತಾಟ, ಗೊಡವ. ಮಾತು ಬದಲಾದರೆ ಚಿತ್ರ ಬದಲಾಗುತ್ತದೆಯೇ ಎಂಬ ಅನುಮಾನ ನನಗಿತ್ತು. ಬದಲಾಯಿತು. ‘ನಿಮ್ಮ ಬೀದೀಲಿ ದಿನಾ ನಡೆಯೋ ಒಂದು ಕಿತ್ತಾಟ ಬಿಡಿಸಿ’ ಎಂದದ್ದೇ ತಡ, ಪಾರಿವಾಳ ಹಾರಿಹೋಯಿತು. ನಲ್ಲಿಯ ಮುಂದಿನ ಕೊಡಗಳು ಬಂದವು, ಬದುವಿನ ಮೇಲಿನ ಬೇವಿನ ಮರ ಬಂತು, ರಿಮೋಟಿಗೆ ಕಿತ್ತಾಡುವ ಅಣ್ಣತಂಗಿ ಬಂದರು. ಮತ್ತೆ, ಶಿಡ್ಲಘಟ್ಟವಾದ್ದರಿಂದ, ಗೂಡು ಬಂತು.

ರೇಷ್ಮೆಗೂಡಿನ ಮಾರುಕಟ್ಟೆ ನೋಡದವರಿಗೆ ಒಂದು ಮಾತು. ಹಿಪ್ಪುನೇರಳೆ ಸೊಪ್ಪು ಹಾಕಿ, ಹುಳು ಸಾಕಿ, ಚಂದ್ರಿಕೆಯಲ್ಲಿ ಗೂಡು ಕಟ್ಟಿಸಿ, ಬಿಡಿಸಿ ತಂದ ರೈತ ಒಂದು ಕಡೆ. ಅದನ್ನು ಕೊಂಡು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ರೀಲರ್ ಇನ್ನೊಂದು ಕಡೆ. ನಡುವೆ ಹರಾಜು. ರೈತನಿಗೆ ಕಾಯಲು ಸಮಯವಿಲ್ಲ, ಗೂಡಿನೊಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದರೆ ನೂಲು ಹೋಯಿತು. ರೀಲರಿಗೂ ಹೆಚ್ಚು ಕೊಡಲು ಆಗುವುದಿಲ್ಲ, ಅವನ ನೂಲಿನ ಬೆಲೆ ಅವನ ಕೈಯಲ್ಲಿಲ್ಲ. ಇದು ಸಂಘರ್ಷವೇ. ಆದರೆ ಇಲ್ಲಿ ಯಾರೂ ಕೆಟ್ಟವರಲ್ಲ. ದಿನವೂ ನಡೆಯುತ್ತದೆ, ಒಂದು ಕಟ್ಟಡದೊಳಗೆ ತೂಕ, ಚೀಟಿ, ಕ್ರಮ ಎಲ್ಲ ಇಟ್ಟುಕೊಂಡು ನಡೆಯುತ್ತದೆ, ಮಾರನೆಯ ದಿನ ಅದೇ ಜನ ಮತ್ತೆ ಸೇರುತ್ತಾರೆ. ಆ ತರಗತಿಯಲ್ಲಿ ರೈತರ ಮಕ್ಕಳೂ ಇದ್ದರು, ರೀಲರುಗಳ ಮಕ್ಕಳೂ ಇದ್ದರು. ಒಂದೇ ಗೂಡನ್ನು ಎಲ್ಲರೂ ಬಿಡಿಸಬೇಕು, ಬಣ್ಣವಿಲ್ಲ, ಪೆನ್ಸಿಲ್ ಮಾತ್ರ ಎಂದು ಹೇಳಿದೆವು. ಹುಳುಮನೆ ಇರುವ ಮನೆಯ ಮಕ್ಕಳು ಗೂಡನ್ನು ಚಂದ್ರಿಕೆಯ ಮೇಲೆ ಬಿಡಿಸಿದರು. ರೀಲಿಂಗ್ ಮನೆಯ ಮಕ್ಕಳು ಬಹುಪಾಲು ನೀರಿನಲ್ಲಿ ಬಿಡಿಸಿದರು, ಮೇಲೆ ಹಬೆ. ಒಬ್ಬಳು ಗೂಡನ್ನು ಕತ್ತರಿಸಿ ಒಳಗಿನ ಹುಳುವನ್ನು ತೋರಿಸಿದ್ದಳು. ಈ ಕಿತ್ತಾಟದಲ್ಲಿ ಮೂರನೆಯವನೊಬ್ಬನಿದ್ದಾನೆ ಎನ್ನುವುದು ನನಗೆ ಹೊಳೆದಿರಲಿಲ್ಲ.

ಈ ಮಕ್ಕಳ ಚಿತ್ರಗಳು ಗೌರಿಬಿದನೂರಿನವಕ್ಕಿಂತ ‘ಚೆನ್ನಾಗಿ’ ಇರಲಿಲ್ಲ ಎನ್ನುವುದನ್ನೂ ಹೇಳಬೇಕು. ಗೆರೆ ಸೊಟ್ಟ, ಅಳತೆ ತಪ್ಪು. ಲೋಯರ್ ಗ್ರೇಡ್ ಪರೀಕ್ಷೆಗೆ ಕೂಡಿಸಿದರೆ ಹಲವರು ಪಾಸಾಗುವುದು ಕಷ್ಟ. ಒಳ್ಳೆಯ ಕೈ ಎಂದು ನಾವು ಶಾಲೆಯಲ್ಲಿ ಹೊಗಳುವುದು ಹೆಚ್ಚಾಗಿ ಒಳ್ಳೆಯ ನೆನಪನ್ನು, ಬೇರೆ ಚಿತ್ರಗಳ ನೆನಪನ್ನು.

ಚಿಕ್ಕಬಳ್ಳಾಪುರದ ಬಗ್ಗೆ ಸ್ವಲ್ಪದರಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಅಲ್ಲಿ ಸಿಕ್ಕ ಪ್ರಶ್ನೆ ಕೆರೆಯ ಬಣ್ಣದ್ದು. ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಾರೆ. ಕಂದವಾರ ಕೆರೆ ತುಂಬಿದ್ದು ಹಾಗೆ. ಬತ್ತಿದ್ದ ಬೋರುಗಳಲ್ಲಿ ನೀರು ಬಂತು ಎನ್ನುವವರು ಇದ್ದಾರೆ, ಮೂರನೆಯ ಹಂತದ ಶುದ್ಧೀಕರಣ ಆಗದೆ ಈ ನೀರು ಬೇಡ ಎನ್ನುವ ಹೋರಾಟಗಾರರೂ ಇದ್ದಾರೆ. ಶಾಶ್ವತ ನೀರಾವರಿಗಾಗಿ ವರ್ಷಗಟ್ಟಲೆ ಧರಣಿ ಕೂತ ಜಿಲ್ಲೆಗೆ ಸಿಕ್ಕ ನೀರು ಇದು. ಈಗ ನೀರಿಗೆ ಯಾವ ಬಣ್ಣ? ನೀಲಿ ಹಾಕಿದರೆ ಒಂದು ಪಕ್ಷ, ಹಸಿರು ಹಾಕಿದರೆ ಇನ್ನೊಂದು ಪಕ್ಷ. ಮಕ್ಕಳನ್ನು ದಡಕ್ಕೆ ಕರೆದುಕೊಂಡು ಹೋಗಿ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಕಂಡ ಬಣ್ಣವನ್ನಷ್ಟೇ ಹಚ್ಚಿ ಎಂದು ಹೇಳಬೇಕು ಎಂದು ಯೋಜನೆಯಲ್ಲಿ ಬರೆದಿದ್ದೇನೆ. ಇನ್ನೂ ಮಾಡಿಲ್ಲ. ಬಸ್ಸಿನ ವ್ಯವಸ್ಥೆ ಆಗಿಲ್ಲ.

ನಾನು ತಪ್ಪಿಸಿಕೊಳ್ಳಲು ನೋಡಿದ್ದು ಚಿಂತಾಮಣಿಯನ್ನು. ನಾಲ್ಕು ಊರಿಗೆ ನಾಲ್ಕು ಪುಟ ಎಂದು ಯೋಜನೆ ಬರೆಯಲು ಕೂತಾಗ, ಮೂರು ಪುಟ ಸರಾಗವಾಗಿ ಬಂತು. ಚಿಂತಾಮಣಿಯ ಪುಟದಲ್ಲಿ ಮೊದಲು ಕೈವಾರ ಎಂದು ಬರೆದೆ, ಹೊಡೆದುಹಾಕಿದೆ. ಟೊಮೆಟೊ ಮಾರುಕಟ್ಟೆ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಬರೆಯದೆ ಬಿಟ್ಟ ಹೆಸರು ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಆಗ ಇದು ಕೋಲಾರ ಜಿಲ್ಲೆ. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಏಳು ಜನ ಸತ್ತರು, ಕಾನೂನಿನ ಪ್ರಕಾರ ಕೊಂದವರು ಯಾರೂ ಇಲ್ಲ. ಗೋಯಾನ ಸೈನಿಕರಿಗೆ ಬೆನ್ನಾದರೂ ಇತ್ತು.

ವಿದುರಾಶ್ವತ್ಥದಲ್ಲಿ ಬಿಳಿ ಟೋಪಿ ಹಾಕಿದ ಮಕ್ಕಳಿಗೆ ಪಾಠ ಹೇಳಿದ ನಾನು ಇಲ್ಲಿ ಮಾಡಿದ್ದು ಅದನ್ನೇ ಅಲ್ಲವೇ? 1938ರ ಸಂಘರ್ಷದ ಬಗ್ಗೆ ಧೈರ್ಯವಾಗಿ ಮಾತಾಡಬಹುದು, ಅದರಲ್ಲಿ ಭಾಗವಹಿಸಿದವರು ಯಾರೂ ಪೋಷಕರ ಸಭೆಗೆ ಬರುವುದಿಲ್ಲ.

ಚಿಂತಾಮಣಿ ಕಡೆಯ ಶಾಲೆಯೊಂದರ ಮೇಷ್ಟ್ರಿಗೆ ಫೋನು ಮಾಡಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ನೋಡಿ, ನೀವು ಒಂದಿನ ಬಂದು ಹೋಗ್ತೀರಿ. ನನ್ನ ಕ್ಲಾಸಲ್ಲಿ ಎಲ್ಲಾ ಕೇರಿ ಮಕ್ಕಳೂ ಒಂದೇ ಬೆಂಚಲ್ಲಿ ಕೂತವ್ರೆ. ಆ ಬೆಂಚು ಹಂಗೇ ಇರ್ಲಿ’ ಎಂದರು. ಇದು ಹೇಡಿತನದ ಮಾತಲ್ಲ. ಆ ಬೆಂಚು ಅವರು ದಿನದಿನವೂ ಮಾಡಿದ ಕೆಲಸದ ಫಲ. ಮಕ್ಕಳಿಗೆ ‘ಬೆಂಕಿ ಬಿಡಿಸಿ’ ಎಂದು ಹೇಳಲು ನನಗೇನು ಹಕ್ಕಿದೆ? ನೊಂದವರ ಮಗುವಿನ ಕೈಯಿಂದ ನೋವನ್ನು ಬರೆಯಿಸಿ ಗೋಡೆಗೆ ಹಚ್ಚುವುದು ಕಲೆಯೂ ಅಲ್ಲ, ಶಿಕ್ಷಣವೂ ಅಲ್ಲ. ಹಾಗೆಂದು ಸುಮ್ಮನಿರುವುದು ಸರಿಯೇ? ಈ ಎರಡರ ನಡುವೆ ಬಹಳ ದಿನ ಸಿಕ್ಕಿಕೊಂಡಿದ್ದೆ.

ಆಗ ನೆನಪಾದವರು ಫ್ರೀಡ್ಲ್ ಡಿಕರ್-ಬ್ರಾಂಡೈಸ್. ಬೌಹೌಸ್‌ನಲ್ಲಿ ಕಲಿತ ಯೆಹೂದಿ ಕಲಾವಿದೆ. 1942ರ ಕೊನೆಯಲ್ಲಿ ನಾಝಿಗಳು ಅವರನ್ನು ಟೆರೆಝಿನ್ ಶಿಬಿರಕ್ಕೆ ದೂಡಿದರು. ಅಲ್ಲಿ ಅವರು ಮಕ್ಕಳಿಗೆ ಚಿತ್ರ ಕಲಿಸಿದರು. ಸಿಕ್ಕಿದ ಕಾಗದದ ಚೂರು, ಆಫೀಸಿನ ಫಾರಮ್ಮಿನ ಹಿಂಬದಿ, ಅಷ್ಟೇ. ಮಕ್ಕಳು ಬಿಡಿಸಿದ್ದು ಹೆಚ್ಚಾಗಿ ಹೂವು, ಚಿಟ್ಟೆ, ಮನೆ, ಮೇಜು, ಕಿಟಕಿ. ಸಾವಿನ ನಡುವೆ ಇದ್ದ ಆ ಶಿಕ್ಷಕಿ ‘ಸಂಘರ್ಷ’ ಎಂಬ ವಿಷಯ ಕೊಟ್ಟು ಕೂರಿಸಲಿಲ್ಲ. ಗೆರೆಯ ಲಯ, ಬಣ್ಣ, ಎದುರಿಗಿದ್ದ ವಸ್ತು ಇವನ್ನು ಕಲಿಸಿದರು. ಚಿತ್ರದ ಮೇಲೆ ಹೆಸರು ಬರೆಯಿಸಿದರು, ನಂಬರಿನ ಜಾಗದಲ್ಲಿ ಹೆಸರು. 1944ರ ಅಕ್ಟೋಬರಿನಲ್ಲಿ ಅವರನ್ನು ಆಶ್‌ವಿಟ್ಝ್‌ಗೆ ಸಾಗಿಸಿ ಕೊಂದರು. ಅವರು ಬಚ್ಚಿಟ್ಟಿದ್ದ ಎರಡು ಸೂಟ್‌ಕೇಸಿನಲ್ಲಿ ಸುಮಾರು 4500 ಚಿತ್ರಗಳಿದ್ದವು. ಈಗ ಅವು ಪ್ರಾಗ್‌ನ ಯೆಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಟೆರೆಝಿನ್ನಿಗೂ ಚಿಂತಾಮಣಿಗೂ ಹೋಲಿಕೆ ಹಚ್ಚುತ್ತಿಲ್ಲ, ಒಂದು ಊರಿಗೆ ಇನ್ನೊಂದರ ಹೆಸರಿಟ್ಟು ಏನಾಗುತ್ತದೆ ಎಂದು ಮೇಲೆ ನೋಡಿದೆವಲ್ಲ. ನಾನು ಅವರಿಂದ ತೆಗೆದುಕೊಂಡದ್ದು ಒಂದೇ: ವಿಷಯ ಕೊಡಬೇಡ, ವಸ್ತು ಕೊಡು.

ಚಿಂತಾಮಣಿಯ ಪುಟದಲ್ಲಿ ಈಗ ಇಷ್ಟು ಬರೆದಿದ್ದೇನೆ. ಪ್ರತಿ ಮಗುವೂ ತನ್ನ ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆ ಬಿಡಿಸಬೇಕು. ದಾರಿಯಲ್ಲಿ ಸಿಗುವ ಅಂಗಡಿ, ಬೋರು, ಗುಡಿ, ಹೋಟೆಲು, ಡೈರಿ, ಕಟ್ಟೆ ಎಲ್ಲ ಇರಬೇಕು. ಒಳಗೆ ಹೋಗಿ ಕೂತ ಜಾಗಕ್ಕೆ ಒಂದು ಗುರುತು, ಹೊರಗಿನಿಂದ ನೋಡಿದ ಜಾಗಕ್ಕೆ ಇನ್ನೊಂದು ಗುರುತು. ಸಂಘರ್ಷ ಎಂಬ ಮಾತು ಎಲ್ಲೂ ಇಲ್ಲ. ಹಾಳೆ ತೆಳ್ಳಗಿರಬೇಕು, ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದರೆ ಎಲ್ಲ ದಾರಿಗಳೂ ಒಟ್ಟಿಗೆ ಕಾಣುವಂತೆ. ಒಂದೇ ಊರಿನಲ್ಲಿ ಯಾರ ನಕ್ಷೆಯಲ್ಲಿ ಯಾವ ಬೀದಿ ಇಲ್ಲ ಎನ್ನುವುದನ್ನು ಯಾರೂ ಹೇಳಬೇಕಾಗಿಲ್ಲ. ಗೋಡೆಗೆ ಹಚ್ಚುವುದು ಬೇಡ, ಬಹುಮಾನ ಬೇಡ. ನೋಡಿದ ಮೇಲೆ ಹಾಳೆ ಬಿಡಿಸಿದವರ ಹತ್ತಿರವೇ ಇರಬೇಕು.

ಇದರಲ್ಲೂ ಅಪಾಯವಿದೆ, ನನಗೆ ಗೊತ್ತು. ಕಿಟಕಿಯ ಮುಂದೆ ನಿಂತ ಮಗು ಏನಾದರೂ ಕೇಳಿಬಿಟ್ಟರೆ ಮೇಷ್ಟ್ರು ಉತ್ತರ ಕೊಡಬೇಕಾಗುತ್ತದೆ, ನಾನು ಬೆಂಗಳೂರಿನ ಬಸ್ಸು ಹತ್ತಿರುತ್ತೇನೆ. ಅದಕ್ಕೇ ಈ ಪುಟವನ್ನು ಮೊದಲು ಅವರಿಗೆ ಕಳಿಸಿದೆ. ನಾಲ್ಕು ದಿನ ಉತ್ತರ ಬರಲಿಲ್ಲ. ಐದನೆಯ ದಿನ ಮೆಸೇಜು ಬಂತು: ‘ಬಟರ್ ಪೇಪರ್ ಇಲ್ಲಿ ಸಿಗಲ್ಲ. ಬರುವಾಗ 40 ಶೀಟ್ ತನ್ನಿ. ನಂದೂ ಒಂದು ಸೇರಿಸಿ 41.’